ಉಡಿದಾರದ ಲೆಕ್ಕ

34 ವರ್ಷ ಹೈಸ್ಕೂಲಿನ ಮೈದಾನದಲ್ಲಿ ಸೀಟಿ ಊದಿದವನು ನಾನು. ತಿಪಟೂರು ಸೀಮೆಯ ಮಕ್ಕಳಿಗೆ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದ ಎರಡನೆಯ ವರ್ಷ ತಂಗಿಯ ಮಗಳ ಮದುವೆ ಬಂತು. ಪ್ಯಾಂಟು ಹೊಲಿಸೋಣ ಅಂತ ಪೇಟೆ ಬೀದಿಯ ಟೈಲರ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ, ಖೊ ಖೊ ಆಟದಲ್ಲಿ ಕೈಗೆ ಸಿಗದೆ ಓಡುತ್ತಿದ್ದ ಹುಡುಗ. "ಸೊಂಟ 36 ಇಟ್ಟುಬಿಡಪ್ಪ" ಅಂದೆ. ಅವನು ಕತ್ತಿನಲ್ಲಿ ಜೋತಾಡುತ್ತಿದ್ದ ಟೇಪು ತೆಗೆದು ಹಿಡಿದ. "ಹೌದು ಸಾರ್, ಪ್ಯಾಂಟು ನಿಲ್ಲೋ ಜಾಗದಲ್ಲಿ 36. ಆದ್ರೆ ನೀವು ಹೊಟ್ಟೆಯಿಂದ ಕೆಳಗೆ ಕಟ್ತಾ ಇದೀರಲ್ಲ" ಅಂದವನೇ ಟೇಪನ್ನು ಮೇಲಕ್ಕೆ ಸರಿಸಿ ಹೊಕ್ಕಳ ಮಟ್ಟಕ್ಕೆ ತಂದ. ಬಾಯಲ್ಲಿ ಏನೂ ಹೇಳಲಿಲ್ಲ. ಅಂಕಿ ನನಗೆ ಕಾಣುವ ಹಾಗೆ ಟೇಪನ್ನು ತಿರುಗಿಸಿ ಹಿಡಿದ. 40 ಇಂಚು.

ಅವತ್ತು ಸ್ನಾನಕ್ಕೆ ನಿಂತಾಗ ಉಡಿದಾರ ನೋಡಿಕೊಂಡೆ. ಗಂಟು ಹಾಕಿದ ದಿನ ಎರಡು ಬೆರಳು ಸಲೀಸಾಗಿ ತೂರುತ್ತಿದ್ದ ದಾರ ಈಗ ಚರ್ಮದಲ್ಲಿ ಕೆಂಪು ಗೆರೆ ಮೂಡಿಸಿತ್ತು. ನಮ್ಮ ಹಿರಿಯರಿಗೆ ತೂಕದ ಯಂತ್ರ ಇರಲಿಲ್ಲ, ಉಡಿದಾರ ಇತ್ತು. ಹೆಂಗಸರಿಗೆ ಲಂಗದ ಲಾಡಿ ಇತ್ತು. ಲಾಡಿಯ ಗಂಟು ಎಲ್ಲಿ ಬೀಳುತ್ತದೆ ಅನ್ನುವುದು ಮನೆಯಾಕೆಗೆ ಪ್ರತಿ ಬೆಳಿಗ್ಗೆ ತಿಳಿಯುತ್ತದೆ. ನನ್ನ ಹೆಂಡತಿ ಆ ರಾತ್ರಿ, "ನಂದೂ ನಾಲ್ಕು ಬೆರಳು ಮುಂದಕ್ಕೆ ಬಂದಿದೆ, ಹೇಳಿರಲಿಲ್ಲ ಅಷ್ಟೆ" ಅಂದಳು.

ನಾನು ಇವತ್ತು ಮಾತಾಡುವುದು ಆ ನಾಲ್ಕು ಬೆರಳಿನ ಬಗ್ಗೆ, ಅದನ್ನು ಹಿಂದಕ್ಕೆ ತರಲು ನಾವು ಮೊಬೈಲ್ ಫೋನನ್ನು ಹೇಗೆ ಬಳಸಿಕೊಂಡೆವು ಅನ್ನುವುದರ ಬಗ್ಗೆ.

ಮೊದಲು ಹೊಟ್ಟೆಯ ವಿಚಾರ. ಕೊಬ್ಬು ಮೈಯಲ್ಲಿ ಎಲ್ಲಿದ್ದರೂ ಒಂದೇ ಅಂತ ನಾನೂ ತಿಳಿದಿದ್ದೆ. ಹಾಗಲ್ಲ. 1947ರಲ್ಲೇ ಫ್ರಾನ್ಸಿನ ಮಾರ್ಸೇಲ್ಸ್ ನಗರದ ವೈದ್ಯ ಜೀನ್ ವಾಗ್ ಒಂದು ವಿಷಯ ಗಮನಿಸಿ ಬರೆದಿದ್ದರು. ತೊಡೆ, ನಿತಂಬಗಳಲ್ಲಿ ಕೊಬ್ಬು ಕೂಡಿಟ್ಟವರಿಗಿಂತ ಹೊಟ್ಟೆಯ ಭಾಗದಲ್ಲಿ ಕೂಡಿಟ್ಟವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಹೆಚ್ಚು ಅಂತ. ಹೊಟ್ಟೆಯಲ್ಲೂ ಎರಡು ಬಗೆ. ಎರಡು ಬೆರಳಲ್ಲಿ ಚಿವುಟಿದರೆ ಸಿಗುವುದು ಚರ್ಮದ ಅಡಿಯ ಕೊಬ್ಬು. ಚಿವುಟಲು ಸಿಗದ ಇನ್ನೊಂದು ಕೊಬ್ಬು ಸ್ನಾಯುವಿನ ಗೋಡೆಯ ಒಳಗೆ, ಕರುಳಿನ ಸುತ್ತ, ಯಕೃತ್ತಿನ ಆಸುಪಾಸಿನಲ್ಲಿ ಅಡಗಿರುತ್ತದೆ. ಅದರಿಂದ ಹೊರಡುವ ಕೊಬ್ಬಿನಾಮ್ಲಗಳು ಹೆಚ್ಚಿನಂಶ ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳವನ್ನೇ ಸೇರುತ್ತವೆ. ಯಕೃತ್ತು ಅವನ್ನು ಹೊತ್ತುಕೊಂಡು ಸುಸ್ತಾದಾಗ ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆಯ ದಾರಿ ಅಲ್ಲಿಂದ ತೆರೆದುಕೊಳ್ಳುತ್ತದೆ.

ಭಾರತೀಯರಾದ ನಮಗೆ ಈ ವಿಚಾರ ಇನ್ನೂ ಹತ್ತಿರದ್ದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿ ಒಂದು ಪುಟದ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿ.ಎಂ.ಐ., ಇಬ್ಬರದೂ ಒಂದೇ, 22.3. ನೋಡಲು ಇಬ್ಬರೂ ಸಣ್ಣಗೇ ಇದ್ದರು. ಆದರೆ ಮೈಯೊಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ನರಲ್ಲಿ ನೂರಕ್ಕೆ 9.1 ಪಾಲು, ಯಾಜ್ಞಿಕರಲ್ಲಿ 21.2 ಪಾಲು! ತೂಕದ ಯಂತ್ರ ಇಬ್ಬರಿಗೂ 'ನೀವು ಚೆನ್ನಾಗಿದ್ದೀರಿ' ಅಂದಿತ್ತು. ಅದಕ್ಕೇ ನಾನು ತೂಕದ ಯಂತ್ರಕ್ಕಿಂತ ಟೈಲರಿನ ಟೇಪನ್ನು ಹೆಚ್ಚು ನಂಬುತ್ತೇನೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅಂತ ವೈದ್ಯರು ಗೆರೆ ಹಾಕಿದ್ದಾರೆ. ಇಂಚಿನಲ್ಲಿ ಹೇಳುವುದಾದರೆ ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಐದು ಜನ ಕೂತ ಬಸ್ಸಿನ ಹಿಂದಿನ ಸೀಟು ನೆನೆಸಿಕೊಳ್ಳಿ. ಅದರಲ್ಲಿ ಇಬ್ಬರು.

ಅಳೆಯುವ ಜಾಗ ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ಕೈಬೆರಳಿನಿಂದ ಪಕ್ಕೆಲುಬಿನ ಕೊನೆ ಹುಡುಕಿ. ಆಮೇಲೆ ಸೊಂಟದ ಮೂಳೆಯ ಮೇಲ್ತುದಿ ಹುಡುಕಿ. ಎರಡರ ನಡುಮಧ್ಯೆ ಟೇಪು ಬರಬೇಕು. ಬಟ್ಟೆಯ ಮೇಲೆ ಬೇಡ. ಹೊಟ್ಟೆ ಒಳಗೆಳೆದುಕೊಂಡೂ ಬೇಡ. ಸಹಜವಾಗಿ ಉಸಿರು ಬಿಟ್ಟ ಮೇಲೆ, ಟೇಪು ಚರ್ಮಕ್ಕೆ ತಾಗಿ ಒತ್ತದ ಹಾಗೆ. ಮನೆಯಲ್ಲಿ ಟೇಪು ಇಲ್ಲವೇ? ಒಂದು ದಾರ ತಗೊಳ್ಳಿ. ಹಿಮ್ಮಡಿಯಿಂದ ನೆತ್ತಿಯವರೆಗೆ ನಿಮ್ಮ ಎತ್ತರಕ್ಕೆ ಸರಿಯಾಗಿ ಕತ್ತರಿಸಿ. ಅದನ್ನು ಎರಡು ಸಮಭಾಗ ಮಡಚಿ ಸೊಂಟಕ್ಕೆ ಸುತ್ತಿ. ತುದಿಗಳು ಒಂದನ್ನೊಂದು ಮುಟ್ಟಿದರೆ ಸರಿ. ನಡುವೆ ಜಾಗ ಉಳಿದರೆ ಅದೇ ನಾವು ಮಾಡಬೇಕಾದ ಕೆಲಸ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವ ಈ ಲೆಕ್ಕವನ್ನು ಈಗ ಬೇರೆ ದೇಶಗಳ ವೈದ್ಯರೂ ಶಿಫಾರಸು ಮಾಡುತ್ತಾರೆ. ನಮ್ಮ ಮನೆಯಲ್ಲಿ ಆ ದಾರವನ್ನು ದೇವರ ಮನೆಯ ಮೊಳೆಗೆ ನೇತುಹಾಕಿದ್ದೇವೆ.

ಈಗ ಫೋನಿಗೆ ಬರೋಣ. ನನ್ನ ಮಗಳು ಫೋನಿನಲ್ಲಿ ಎರಡು ಮೂರು ವ್ಯಾಯಾಮದ ಆ್ಯಪ್ ಹಾಕಿಕೊಟ್ಟಳು. ವಿಡಿಯೋಗಳಂತೂ ಕೇಳದೆಯೇ ಬಂದವು. 'ಏಳು ದಿನದಲ್ಲಿ ಹೊಟ್ಟೆ ಮಾಯ', 'ಹಾಸಿಗೆಯಲ್ಲೇ ಮಲಗಿ ಹೊಟ್ಟೆ ಕರಗಿಸಿ'. ಎಲ್ಲದರಲ್ಲೂ ಒಂದೇ ಪಾಠ. ಅಂಗಾತ ಮಲಗು, ಎದ್ದು ಕೂರು, ಮಲಗು, ಎದ್ದು ಕೂರು. ನೂರು ಸಲ.

ಡ್ರಿಲ್ ಮೇಷ್ಟ್ರಾಗಿ ನಾನು ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಇದರಿಂದ ಹೊಟ್ಟೆ ಕರಗುವುದಿಲ್ಲ. 1984ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 13 ಗಂಡಸರು 27 ದಿನಗಳಲ್ಲಿ ತಲಾ 5,004 ಸಲ ಹಾಗೆ ಎದ್ದು ಕೂತರು. ಮೊದಲು ಮತ್ತು ಕೊನೆಗೆ ಹೊಟ್ಟೆ, ಬೆನ್ನು, ನಿತಂಬ ಮೂರು ಕಡೆಯಿಂದ ಸೂಜಿಯಲ್ಲಿ ಕೊಬ್ಬಿನ ಕಣಗಳನ್ನು ತೆಗೆದು ಗಾತ್ರ ಅಳೆದರು. ಹೊಟ್ಟೆಯ ಕೊಬ್ಬಿಗೆ ವಿಶೇಷವಾಗಿ ಏನೂ ಆಗಿರಲಿಲ್ಲ. ಅದಕ್ಕೂ ಹಿಂದೆ 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳ ಕೊಬ್ಬನ್ನು ಅಳೆದು ನೋಡಿದ್ದರು. ವರ್ಷಗಟ್ಟಲೆ ಒಂದೇ ಕೈಯಲ್ಲಿ ರ್ಯಾಕೆಟ್ ಬೀಸಿದರೂ ಚರ್ಮದಡಿಯ ಕೊಬ್ಬಿನ ದಪ್ಪ ಎರಡೂ ಕಡೆ ಒಂದೇ ಇತ್ತು. ಆಡಿದ ಕೈಯ ಸ್ನಾಯು ದಪ್ಪವಾಗಿತ್ತು, ನಿಜ. ಆದರೆ ಕೊಬ್ಬು ಕೆಲಸ ನಡೆಯುವ ಜಾಗದಿಂದಲೇ ಖರ್ಚಾಗುವುದಿಲ್ಲ. ಮನೆಯಲ್ಲಿ ಅಡಿಗೆ ಕೋಣೆಗೆ ಸಾಮಾನು ತಂದರೂ ದುಡ್ಡು ಹೋಗುವುದು ಬೀರುವಿನಿಂದ ತಾನೇ? ಮೈಯೂ ಹಾಗೆ, ರಕ್ತದ ಮೂಲಕ ಎಲ್ಲ ಕಡೆಯಿಂದ ಎತ್ತಿಕೊಳ್ಳುತ್ತದೆ.

ಹಾಗಾದರೆ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನಾನು ಸ್ಟಾಫ್ ರೂಮಿನಲ್ಲಿ ಕೇಳಿದ್ದರೆ ವಿಜ್ಞಾನದ ಮೇಷ್ಟ್ರೂ ಸೇರಿ ಎಲ್ಲರೂ 'ಬೆವರಿನಲ್ಲಿ' ಅಂತಲೋ 'ಶಾಖವಾಗಿ' ಅಂತಲೋ ಹೇಳುತ್ತಿದ್ದರು. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಮೂಗು ಬಾಯಿಯೇ ಕೊಬ್ಬು ಹೊರಹೋಗುವ ಬಾಗಿಲು. ಹಾಗಂತ ಕೂತಲ್ಲೇ ಜೋರಾಗಿ ಉಸಿರಾಡಿದರೆ ಪ್ರಯೋಜನವಿಲ್ಲ, ತಲೆ ಸುತ್ತುತ್ತದೆ ಅಷ್ಟೆ. ದೊಡ್ಡ ಸ್ನಾಯುಗಳು ದುಡಿದು, ಮೈಯೇ ಉಸಿರು ಬೇಕು ಅಂತ ಕೇಳಬೇಕು. ದೊಡ್ಡ ಸ್ನಾಯುಗಳು ಇರುವುದು ತೊಡೆಯಲ್ಲಿ, ನಿತಂಬದಲ್ಲಿ, ಬೆನ್ನಿನಲ್ಲಿ. ನಮ್ಮ ಗರಡಿಮನೆಯ ಉಸ್ತಾದರು ಬಸ್ಕಿ ಹೊಡೆಸುತ್ತಿದ್ದುದು ಸುಮ್ಮನೆ ಅಲ್ಲ.

ಸ್ನಾಯು ದುಡಿಯುವಾಗ ಕೊಬ್ಬಿಗೆ ಸುದ್ದಿಯನ್ನೂ ಕಳಿಸುತ್ತದೆ. ಡೆನ್ಮಾರ್ಕಿನ ಸಂಶೋಧಕರು 2019ರಲ್ಲಿ ಹೊಟ್ಟೆ ಬಂದ ವಯಸ್ಕರಿಗೆ 12 ವಾರ ಸೈಕಲ್ ತುಳಿಸಿದರು. ಹೊಟ್ಟೆಯೊಳಗಿನ ಕೊಬ್ಬು ಕಡಿಮೆಯಾಯಿತು. ಇನ್ನೊಂದು ಗುಂಪಿಗೆ ಅದೇ ಸೈಕಲ್, ಅಷ್ಟೇ ಹೊತ್ತು. ಆದರೆ ದುಡಿಯುವ ಸ್ನಾಯು ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್-6 ಅನ್ನುವ ವಸ್ತುವಿನ ಕೆಲಸ ತಡೆಯುವ ಔಷಧಿಯನ್ನೂ ಕೊಟ್ಟಿದ್ದರು. ಅವರಲ್ಲಿ ಒಳಗಿನ ಕೊಬ್ಬು ಕರಗಲಿಲ್ಲ. ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು. ತೊಡೆಯ ಸ್ನಾಯು ಹೊಟ್ಟೆಯೊಳಗಿನ ಕೊಬ್ಬಿನ ಜೊತೆ ಮಾತಾಡುತ್ತದೆ ಅಂದರೆ ಎಂಥ ಸೊಗಸು! ಇನ್ನೊಂದು ವಿಷಯವನ್ನು ದಯವಿಟ್ಟು ನೆನಪಿಡಿ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಹೊಟ್ಟೆಯೊಳಗಿನ ಕೊಬ್ಬು ಇಳಿಯಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಒಂದು ವಿಶ್ಲೇಷಣೆಯಲ್ಲಿ ತೂಕ ಸ್ವಲ್ಪವೂ ಇಳಿಯದವರಲ್ಲೂ ಅದು ನೂರಕ್ಕೆ 6ರಷ್ಟು ಕಡಿಮೆಯಾಗಿತ್ತು. ಒಂದು ತಿಂಗಳು ಬೆವರು ಸುರಿಸಿ, ತೂಕದ ಯಂತ್ರ ಹತ್ತಿ, ಮುಳ್ಳು ಅಲ್ಲೇ ನಿಂತದ್ದು ಕಂಡು ಬಿಟ್ಟುಬಿಡುವ ಎಷ್ಟು ಜನರನ್ನು ನೋಡಿದ್ದೇನೆ. ಅವರು ತಪ್ಪು ಸಾಕ್ಷಿಯನ್ನು ಕೇಳಿದರು.

ಯಾರೋ ಎಲ್ಲೋ ಹೇಳಿಕೊಟ್ಟದ್ದನ್ನು ನಮ್ಮ ಮನೆಯಲ್ಲಿ ನಾವು ಮಾಡುವುದು ಫೋನ್ ಬಂದ ಮೇಲೆ ಹುಟ್ಟಿದ್ದಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್ ಅವರನ್ನು ಕನ್ನಡಿಗರು 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಲೇಖಕರಾಗಿ ಬಲ್ಲರು. ಅವರು ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಪಾಠ ಲಕೋಟೆಯಲ್ಲಿ ಹೋಗುತ್ತಿತ್ತು. ಆ ಶಿಷ್ಯರು ಮುಖ ನೋಡದ ಗುರುವಿನ ಮಾತಿನಂತೆ ದಂಡ ಬಸ್ಕಿ ಹೊಡೆದರು.

ಜಪಾನಿನಲ್ಲಿ ಆ ಕೆಲಸ ಮಾಡಿದ್ದು ರೇಡಿಯೋ. 1928ರ ನವೆಂಬರ್ 1ರಂದು ಅಲ್ಲಿ ರೇಡಿಯೋ ವ್ಯಾಯಾಮ ಶುರುವಾಯಿತು. ಅವರು ಅದನ್ನು ರಾಜಿಯೋ ತೈಸೊ ಅನ್ನುತ್ತಾರೆ. ಪಿಯಾನೋ ನುಡಿಸುತ್ತಾರೆ, ಒಬ್ಬರು ಎಣಿಕೆ ಹೇಳುತ್ತಾರೆ, ಮೂರು ನಿಮಿಷದಲ್ಲಿ ಒಂದು ಸುತ್ತು ಮುಗಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ ನಿಂತುಹೋಗಿ 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಈಗಲೂ ಬೆಳಿಗ್ಗೆ ಆರೂವರೆಗೆ ಬರುತ್ತದೆ. ಉದ್ಯಾನಗಳಲ್ಲಿ ಮುದುಕರು ರೇಡಿಯೋ ಇಟ್ಟುಕೊಂಡು ಕೈ ಬೀಸುತ್ತಾರೆ. ಬೇಸಿಗೆ ರಜೆಯಲ್ಲಿ ಮಕ್ಕಳು ಕತ್ತಿಗೆ ಒಂದು ಕಾರ್ಡು ತೂಗುಹಾಕಿಕೊಂಡು ಬರುತ್ತಾರೆ. ಬಂದ ದಿನಕ್ಕೆ ಒಂದು ಮುದ್ರೆ ಬೀಳುತ್ತದೆ. ಇವತ್ತು ಆ್ಯಪುಗಳು 'ನಿಮ್ಮದು ಸತತ 12 ದಿನ' ಅಂತ ತೋರಿಸುತ್ತವಲ್ಲ, ಅದು ಆ ಕಾರ್ಡಿನ ಮೊಮ್ಮಗು.

ಫೋನು ಉಪಯೋಗಕ್ಕೆ ಬರುತ್ತದೆಯೇ? ಬರುತ್ತದೆ. ಆದರೆ ಜಾಹೀರಾತು ಹೇಳಿದಷ್ಟಲ್ಲ. ಹೆಜ್ಜೆ ಎಣಿಸುವ ಸಾಧನಗಳ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2022ರ ವಿಶ್ಲೇಷಣೆ ಇದೆ. ಅವನ್ನು ಬಳಸಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದಿದ್ದರು. ತೂಕ ಇಳಿದದ್ದು ಸುಮಾರು ಒಂದು ಕಿಲೋ. 1,800 ಹೆಜ್ಜೆ ದಿನಾ ಅಂದರೆ ನನ್ನ ದೃಷ್ಟಿಯಲ್ಲಿ ದೊಡ್ಡದು. ಆದರೆ ಯಂತ್ರ ಕಟ್ಟಿಕೊಂಡ ಮಾತ್ರಕ್ಕೆ ಆಗಿಬಿಡುತ್ತದೆ ಅನ್ನುವವರು 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ನೋಡಬೇಕು. 471 ಜನ, ಎರಡು ವರ್ಷ. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಇತ್ತು. ಆರು ತಿಂಗಳ ನಂತರ ಅರ್ಧ ಜನರಿಗೆ ತೋಳಿಗೆ ಕಟ್ಟುವ ಯಂತ್ರ ಕೊಟ್ಟರು. ಕೊನೆಗೆ ಯಂತ್ರ ಇದ್ದವರ ತೂಕ 3.5 ಕಿಲೋ ಇಳಿದಿತ್ತು, ಇಲ್ಲದವರದು 5.9 ಕಿಲೋ. ಅದಕ್ಕೆ ಕಾರಣ ಇದೇ ಅಂತ ಅಧ್ಯಯನ ಮಾಡಿದವರು ಖಚಿತವಾಗಿ ಹೇಳಲಿಲ್ಲ. ನನ್ನ ಅನುಭವ ಹೇಳುವುದಾದರೆ, ಯಂತ್ರ 'ಇವತ್ತು ಇಷ್ಟು ಕರಗಿಸಿದ್ದೀರಿ' ಅಂತ ತೋರಿಸಿದ ಸಂಜೆ ಮನಸ್ಸು ಹೋಟೆಲಿನ ಕಡೆ ನಡೆಯುತ್ತದೆ. ಆ ಅಂಕಿಯಾದರೂ ನಂಬುವಂಥದ್ದಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಎದೆಬಡಿತವನ್ನು ಅವುಗಳಲ್ಲಿ ಆರು ಚೆನ್ನಾಗಿಯೇ ಎಣಿಸಿದವು. ಖರ್ಚಾದ ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದು ಅನಿಸಿಕೊಂಡದ್ದೇ ನೂರಕ್ಕೆ 27ರಷ್ಟು ತಪ್ಪಿತ್ತು.

ಹಾಗಾಗಿ ನಾನು ಫೋನಿನಿಂದ ಕೇಳುವುದು ಎರಡೇ. ನನ್ನನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸು. ನಾನು ಮಾಡುವಾಗ ಪಕ್ಕದಲ್ಲಿ ನಿಂತು ಎಣಿಸು. ಉಳಿದದ್ದನ್ನು ಟೇಪು ನೋಡಿಕೊಳ್ಳುತ್ತದೆ.

ಆ್ಯಪುಗಳನ್ನು ಮೂರು ವಾರ ಮಾಡಿ ನೋಡಿದೆವು. ಕೆಲವು ನಿಜವಾಗಿಯೂ ಚೆನ್ನಾಗಿವೆ. ಬ್ರಿಟನ್ನಿನ ಆರೋಗ್ಯ ಸೇವೆಯವರು ಕೊಡುವ ಒಂದು ಓಟದ ಕಾರ್ಯಕ್ರಮ ಇದೆ, ಸೋಫಾದಿಂದ ಏಳದವನನ್ನು ಒಂಬತ್ತು ವಾರಗಳಲ್ಲಿ 5 ಕಿಲೋಮೀಟರ್ ಓಡುವಂತೆ ಮಾಡುವಂಥದ್ದು. ವಾರಕ್ಕೆ ಮೂರೇ ದಿನ, ಮೊದಲ ದಿನ ಒಂದೊಂದೇ ನಿಮಿಷದ ಓಟ, ನಡುನಡುವೆ ನಡಿಗೆ. ಹಂತ ಹಂತವಾಗಿ ಏರಿಸುವ ಆ ಜಾಣ್ಮೆಗೆ ಮೇಷ್ಟ್ರಾಗಿ ನಾನು ಕೈಮುಗಿಯುತ್ತೇನೆ. ನಮ್ಮ ಸರ್ಕಾರದ ಫಿಟ್ ಇಂಡಿಯಾ ಆ್ಯಪ್ 2021ರಲ್ಲಿ ಬಂತು. ಅದು ವಯಸ್ಸಿಗೆ ತಕ್ಕಂತೆ ಮೈಯ ಶಕ್ತಿ ಪರೀಕ್ಷಿಸಿಕೊಳ್ಳಲು ಕಲಿಸುತ್ತದೆ. ಅದೇ ವರ್ಷ ಆಯುಷ್ ಸಚಿವಾಲಯದವರು ಕಚೇರಿಯಲ್ಲಿ ಕೂತಲ್ಲೇ ಐದು ನಿಮಿಷ ಮಾಡುವ ಯೋಗದ ಆ್ಯಪ್ ತಂದರು. ಆದರೆ ನನ್ನ ಹೆಂಡತಿಗೆ ಬೇರೆಯೇ ಕಷ್ಟವಿತ್ತು. ನಾವು ನೋಡಿದ ಆ್ಯಪುಗಳು ಕನ್ನಡ ಮಾತಾಡಲಿಲ್ಲ. ಪರದೆಯ ಮೇಲಿನ ಹುಡುಗಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತ ಮಗ್ಗುಲು ಬದಲಿಸುತ್ತಿದ್ದಳು. ಇವಳು ಅದನ್ನು ನೋಡಲು ಕತ್ತು ಎತ್ತುತ್ತಿದ್ದಳು, ಅಷ್ಟರಲ್ಲಿ ಕತ್ತು ಹಿಡಿಯುತ್ತಿತ್ತು. "ಕಣ್ಣು ಬೇಡ ಕಣ್ರೀ, ಕಿವಿಗೆ ಹೇಳೋರು ಬೇಕು. ನೀವು ಸ್ಕೂಲಲ್ಲಿ ಹೇಳ್ತಿದ್ರಲ್ಲ, ಹಾಗೆ" ಅಂದಳು.

ಆ ಮಾತಿನಿಂದ ನಮ್ಮ ಕಾರ್ಯಕ್ರಮ ಹುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ 22 ನಿಮಿಷ ನನ್ನ ಧ್ವನಿಯನ್ನು ಮುದ್ರಿಸಿದೆ. 22 ಯಾಕೆ ಅಂದರೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಬೇಕು ಅನ್ನುತ್ತದೆ. ಅದನ್ನು ಏಳರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕು ಅಂತಲೂ ಅದು ಹೇಳುತ್ತದೆ, ಅದನ್ನೂ ಅದರಲ್ಲೇ ಸೇರಿಸಿದೆ.

ಮೊದಲ ನಾಲ್ಕು ನಿಮಿಷ ನಿಂತಲ್ಲೇ ನಡಿಗೆ, ಮಂಡಿ ಎತ್ತಿ, ಕೈ ಬೀಸಿ. ಆಮೇಲೆ ಕುರ್ಚಿ ಬಸ್ಕಿ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೈ ಊರದೆ ಕೂತು ಏಳುವುದು, ಹತ್ತು ಸಲ. ಆಮೇಲೆ ಗೋಡೆ ದಂಡ. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು ಅಂಗೈ ಊರಿ ಬಗ್ಗಿ ಏಳುವುದು. ಎರಡು ಲೀಟರಿನ ನೀರಿನ ಬಾಟಲಿಯನ್ನು ಎದೆಯಿಂದ ತಲೆಯ ಮೇಲಕ್ಕೆ. ಆಮೇಲೆ ಮೆಟ್ಟಿಲು ಹತ್ತಿ ಇಳಿಯುವುದು. ಮುಂದೆ ಇದನ್ನು ಕೇಳಿ ಮಾಡತೊಡಗಿದ ಒಬ್ಬ ಹೆಣ್ಣುಮಗಳು "ಹೊಸ್ತಿಲ ಮೇಲೆ ಹತ್ತಬಹುದಾ ಸಾರ್" ಅಂತ ಕೇಳಿದಳು. ಹೊಸ್ತಿಲು ಬೇಡಮ್ಮ, ಜಗಲಿ ಮೆಟ್ಟಿಲು ಸಾಕು ಅಂದೆ. ಇಷ್ಟೂ ಮತ್ತೊಂದು ಸುತ್ತು. ಕೊನೆಯಲ್ಲಿ ಚಾಪೆಯ ಮೇಲೆ ಮೊಣಕೈ ಊರಿ ಮೈಯನ್ನು ಹಲಗೆಯ ಹಾಗೆ ಹಿಡಿಯುವುದು, 20 ಎಣಿಸುವ ತನಕ. ಇದರಿಂದ ಹೊಟ್ಟೆಯ ಗೋಡೆ ಗಟ್ಟಿಯಾಗುತ್ತದೆ, ಬೆನ್ನಿಗೆ ಆಸರೆಯಾಗುತ್ತದೆ. ಹೊಟ್ಟೆಗೆಂದೇ ಇರುವುದು ಇದೊಂದೇ. ಎಷ್ಟು ಜೋರಾಗಿ ಮಾಡಬೇಕು ಅನ್ನುವುದಕ್ಕೆ ಹಳೆಯ ಅಳತೆ ಇದೆ. ಮಾಡುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಮುದ್ರಿಸಿಕೊಳ್ಳುತ್ತಿದ್ದಾಗ ಹನ್ನೆರಡನೆಯ ನಿಮಿಷಕ್ಕೆ ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು. ಮತ್ತೆ ಮೊದಲಿಂದ ಮಾಡಲು ಉಸಿರಿರಲಿಲ್ಲ. ಹಾಗೇ ಕಳಿಸಿದೆ. ಮೊದಲು ಮನೆಯವರಿಗೆ, ಆಮೇಲೆ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ. 14 ಜನ ಸೇರಿದರು. ಟೈಲರ್ ಹುಡುಗ ಮೊದಲಿಗ, ದಿನಕ್ಕೆ ಹತ್ತು ಗಂಟೆ ಮಷೀನಿನ ಮುಂದೆ ಕೂರುವವನು. ಸರ್ಕಾರಿ ಬಸ್ಸಿನ ಡ್ರೈವರ್ ಒಬ್ಬ, ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಹತ್ತಕ್ಕೆ ಮಾಡುತ್ತಾನೆ. ಮಸ್ಕತ್ತಿನಲ್ಲಿರುವ ಒಬ್ಬಾಕೆ ಅಲ್ಲಿಯ ಬೆಳಗಿಗೆ ಮಾಡಿ ಸಂದೇಶ ಹಾಕುತ್ತಾಳೆ. ವ್ಯಾಯಾಮಶಾಲೆಗೆ ಹೋಗಲಾರದವರು ಎಷ್ಟು ಜನ ಇದ್ದಾರೆ ಅನ್ನುವುದು ಆಗ ನನಗೆ ಅರ್ಥವಾಯಿತು. ಶುಲ್ಕ ಒಂದು ಕಾರಣ. ಅತ್ತೆ ಮಾವಂದಿರ ಔಷಧಿ, ಮಕ್ಕಳ ಡಬ್ಬಿ, ಹೊರಗೆ ಬಿಗಿ ಬಟ್ಟೆಯಲ್ಲಿ ಓಡಲು ಸಂಕೋಚ, ಇವೆಲ್ಲ ಕಾರಣ. ನೈಟಿ ಹಾಕಿಕೊಂಡು, ಬಾಗಿಲು ಹಾಕಿಕೊಂಡು, ಆರಡಿ ಜಾಗದಲ್ಲಿ ಮಾಡಬಹುದಾದದ್ದು ಅವರಿಗೆ ಬೇಕಿತ್ತು. ಈ ಒಂದು ಕಾರಣಕ್ಕೆ ನಾನು ಫೋನನ್ನು ಒಪ್ಪುತ್ತೇನೆ, ಮನಸಾರೆ ಒಪ್ಪುತ್ತೇನೆ.

ಮುಗಿಸಿದವರು ಗುಂಪಿನಲ್ಲಿ 'ಆಯ್ತು ಸಾರ್' ಅಂತ ಹಾಕಬೇಕು. ಎರಡು ದಿನ ಹಾಕದಿದ್ದರೆ ನಾನು ಫೋನ್ ಮಾಡುತ್ತೇನೆ. ಬೈಯುವುದಿಲ್ಲ, "ಯಾಕಪ್ಪ, ಹುಷಾರಾಗಿದೀಯಾ?" ಅಂತ ಕೇಳುತ್ತೇನೆ. ಆ್ಯಪು ಕೂಡ ಕೇಳುತ್ತದೆ, ನಿಜ. ಆದರೆ ಆ್ಯಪಿಗೆ ಉತ್ತರ ಕೊಡಬೇಕು ಅಂತ ಯಾರಿಗೂ ಅನಿಸುವುದಿಲ್ಲ. ನೀವು ಯಾವುದೇ ಕಾರ್ಯಕ್ರಮ ಆರಿಸಿಕೊಳ್ಳಿ, ಹೀಗೆ ಕೇಳುವ ಒಬ್ಬರನ್ನು ಅದರ ಜೊತೆಗೆ ಇಟ್ಟುಕೊಳ್ಳಿ. ಅಕ್ಕ ಆಗಲಿ, ಪಕ್ಕದ ಮನೆಯವರಾಗಲಿ.

ಪ್ರತಿ ತಿಂಗಳ ಮೊದಲ ದಿನ, ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ಅಳತೆ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಆ ಚೌಕದಲ್ಲೇ ಪೆನ್ಸಿಲಿನಿಂದ ಬರೆಯುತ್ತೇವೆ. ನನ್ನದು 102 ಸೆಂಟಿಮೀಟರಿನಿಂದ ಶುರುವಾಯಿತು. ಮೊದಲ ತಿಂಗಳು ಕದಲಲೇ ಇಲ್ಲ. ಎರಡನೆಯ ತಿಂಗಳು 101. ಏಳು ತಿಂಗಳಿಗೆ 95. ತೂಕ ಇಳಿದದ್ದು ಎರಡು ಕಿಲೋ ಮಾತ್ರ. ಗೆರೆ ಮುಟ್ಟಲು ಇನ್ನೂ 5 ಸೆಂಟಿಮೀಟರ್ ಬಾಕಿ ಇದೆ. ಹೆಂಡತಿಯ ಲಾಡಿಯ ಗಂಟು ಮೂರು ಬೆರಳು ಹಿಂದಕ್ಕೆ ಹೋಗಿದೆ. 14 ಜನರಲ್ಲಿ ನಾಲ್ವರು ನಡುವೆ ಬಿಟ್ಟರು, ಅವರಲ್ಲಿ ಒಬ್ಬ ಮತ್ತೆ ಬಂದಿದ್ದಾನೆ.

ಊಟದ ಮಾತು ಆಡದೆ ಈ ವಿಷಯ ಮುಗಿಯುವುದಿಲ್ಲ. 22 ನಿಮಿಷದಲ್ಲಿ ಖರ್ಚಾದದ್ದನ್ನು ಎರಡು ಉದ್ದಿನ ವಡೆ ವಾಪಸು ತರುತ್ತವೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಒಗ್ಗರಣೆಗೆ ಎಣ್ಣೆಯನ್ನು ಡಬ್ಬಿಯಿಂದ ಸುರಿಯದೆ ಚಮಚದಲ್ಲಿ ಹಾಕಿದ್ದು ನಮ್ಮ ಮನೆಯ ದೊಡ್ಡ ಬದಲಾವಣೆ. ರಾತ್ರಿ ಅನ್ನಕ್ಕಿಂತ ಪಲ್ಯ, ಹುಳಿಯ ಹೋಳು, ಕಾಳು ಹೆಚ್ಚು ಬಡಿಸಿಕೊಳ್ಳುತ್ತೇವೆ. ಮುದ್ದೆ ಬಿಟ್ಟಿಲ್ಲ, ಗಾತ್ರ ಇಳಿದಿದೆ. ಊಟವನ್ನು ಟಿವಿ ಧಾರಾವಾಹಿ ಶುರುವಾಗುವ ಮೊದಲೇ ಮುಗಿಸುತ್ತೇವೆ.

ಶುರು ಮಾಡುವ ಮೊದಲು ಕೆಲವರು ವೈದ್ಯರನ್ನು ಕೇಳಲೇಬೇಕು. ಎದೆ ನೋವು ಬಂದಿದ್ದವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಸಕ್ಕರೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹರ್ನಿಯಾ ಇರುವವರು. ಹೆರಿಗೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಬಸಿರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಕಡೆಗೆ ಸರಿದಿರುತ್ತವೆ. ಕೆಲವರಲ್ಲಿ ಅವು ಬೇಗ ಕೂಡಿಕೊಳ್ಳುವುದಿಲ್ಲ. ಅಂಥವರು ಅಂಗಾತ ಮಲಗಿ ಎದ್ದು ಕೂರುವ ವಿಡಿಯೋಗಳನ್ನು ನೋಡಿಕೊಂಡು ಮಾಡಿದರೆ ಹೊಟ್ಟೆ ಒಳಗೆ ಹೋಗುವ ಬದಲು ನಡುವೆ ದಿಬ್ಬದಂತೆ ಉಬ್ಬುತ್ತದೆ. ನಮ್ಮ ಗುಂಪಿನ ಒಬ್ಬಾಕೆ ಮೂರು ತಿಂಗಳು ಹಾಗೆ ಮಾಡಿ, ತನ್ನದೇ ತಪ್ಪು, ತಾನೇ ಸೋಮಾರಿ ಅಂತ ಕೊರಗಿದ್ದಳು. ಫಿಸಿಯೊಥೆರಪಿಸ್ಟ್ ಒಬ್ಬರು ಅವಳಿಗೆ ಉಸಿರಿನ ಜೊತೆ ಹೊಟ್ಟೆಯನ್ನು ಮೆಲ್ಲಗೆ ಬಿಗಿ ಹಿಡಿಯುವುದನ್ನು ಮೊದಲು ಕಲಿಸಿದರು. ಪರದೆಯ ಮೇಲಿನ ಶಿಕ್ಷಕಿಗೆ ಅವಳ ಹೊಟ್ಟೆ ಕಾಣುತ್ತಿರಲಿಲ್ಲ, ಕಾಣುವ ಕಣ್ಣು ಬೇಕಿತ್ತು. ವ್ಯಾಯಾಮ ಮಾಡುವಾಗ ಎದೆಯಲ್ಲಿ ಬಿಗಿತ, ಎಡಗೈಗೆ ಸೆಳೆತ, ಕಣ್ಣು ಕತ್ತಲೆ ಬಂದರೆ ಯಾರೂ ಎಣಿಕೆ ಮುಗಿಯಲಿ ಅಂತ ಕಾಯಬೇಡಿ. ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಏಳು ತಿಂಗಳಿಗೆ ಮೈ ಅಭ್ಯಾಸಕ್ಕೆ ಒಗ್ಗಿಹೋಗಿದೆ. ಮೊದಲು ಏದುಸಿರು ಬರಿಸುತ್ತಿದ್ದ ಕುರ್ಚಿ ಬಸ್ಕಿಯನ್ನು ಈಗ ಟೈಲರ್ ಹುಡುಗ ಮಾತಾಡುತ್ತಲೇ ಮುಗಿಸುತ್ತಾನೆ. ಮೇಲಿನ ತರಗತಿಗೆ ಹೋಗುವ ಕಾಲ ಬಂದಿದೆ. ಹಾಗಾಗಿ ಹೋದ ವಾರ ಗತಿ ಹೆಚ್ಚಿಸಿ, ಕುರ್ಚಿ ತೆಗೆದು ನಿಜವಾದ ಬಸ್ಕಿ ಸೇರಿಸಿ, ಹೊಸ ಧ್ವನಿಮುದ್ರಣ ಕಳಿಸಿದೆ. ಈ ಸಲ ಬಾಗಿಲು ಹಾಕಿಕೊಂಡು, ಯಾವ ಸದ್ದೂ ಬರದ ಹಾಗೆ ಎಚ್ಚರ ವಹಿಸಿದ್ದೆ. ಮರುದಿನ ಬೆಳಿಗ್ಗೆಯೇ ಮಸ್ಕತ್ತಿನಿಂದ ಸಂದೇಶ ಬಂತು. "ಸಾರ್, ವ್ಯಾಯಾಮ ಚೆನ್ನಾಗಿದೆ. ಆದ್ರೆ ಕುಕ್ಕರ್ ಸೀಟಿ ಎಲ್ಲಿ? ಅದು ಕೂಗಿದ್ರೆ ಅರ್ಧ ಆಯ್ತು ಅಂತ ಗೊತ್ತಾಗ್ತಿತ್ತು. ನಮ್ಮೂರಲ್ಲೇ ಇದ್ದ ಹಾಗೂ ಇರ್ತಿತ್ತು." ಅದರ ಕೆಳಗೆ ಡ್ರೈವರ್, ಟೈಲರ್, ಇನ್ನೂ ನಾಲ್ಕು ಜನ 'ಹೌದು ಸಾರ್' ಅಂತ ಹಾಕಿದ್ದರು.

ಈ ಭಾನುವಾರ ಮತ್ತೆ ಮುದ್ರಿಸುತ್ತಿದ್ದೇನೆ. ಫೋನು ಅದೇ ಅಕ್ಕಿ ಡಬ್ಬಿಗೆ ಒರಗಿರುತ್ತದೆ. ಹನ್ನೆರಡನೆಯ ನಿಮಿಷಕ್ಕೆ ಸರಿಯಾಗಿ ಕೂಗುವಂತೆ ಬೇಳೆಯನ್ನು ಯಾವಾಗ ಒಲೆಗೆ ಇಡಬೇಕು ಅಂತ ಹೆಂಡತಿ ಲೆಕ್ಕ ಹಾಕಿಟ್ಟಿದ್ದಾಳೆ.